ಪದಚರ್ಚೆ: ‘ಸೆಕೆಂಡ್ ರೆಫರೆಂಡಂ’ – ಮರು ಜನಮತಗಣನೆಯೋ, ಎರಡನೇ ಜನಮತಗಣನೆಯೋ?

ಅನುವಾದಕಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕು. ಬ್ರೆಕ್ಸಿಟ್ ಬಗೆಗಿನ ಒಂದು ಪ್ರದರ್ಶನದ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇವತ್ತು ರಾತ್ರಿಯೊಳಗೆ ಅಚ್ಚಿಗೆ ಕಳಿಸಬೇಕು. 2016ರ ಜೂನ್ 23ರ ಮತದಾನದಿಂದ ಹಿಡಿದು, 2020ರ ಜನವರಿ 31ರಂದು ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡುವವರೆಗಿನ ಕಥೆ ಅದರಲ್ಲಿದೆ. ರೆಫರೆಂಡಂ ಅಂದರೆ ಒಂದು ಪ್ರಶ್ನೆಯನ್ನು ನೇರವಾಗಿ ಜನರ ಮುಂದಿಟ್ಟು ಓಟು ಹಾಕಿಸುವುದು. ನಡುವಿನ ಒಂದು ಫಲಕ ಪೂರ್ತಿ ‘ಸೆಕೆಂಡ್ ರೆಫರೆಂಡಂ’, ಅಂದರೆ ಜನರನ್ನು ಇನ್ನೊಮ್ಮೆ ಕೇಳುವುದು, ಬೇಕೋ ಬೇಡವೋ ಎಂಬ ಜಗಳದ್ದು. ನಾನು ‘ಮರು ಜನಮತಗಣನೆ’ ಎಂದು ಹಾಕಿದ್ದೆ. ಕರಡು ತಿದ್ದುವವರು ಅದನ್ನು ‘ಎರಡನೇ ಜನಮತ ಸಂಗ್ರಹ’ ಮಾಡಿದ್ದಾರೆ. ಯಾಕೆ ಅಂತ ಕೇಳಿದರೆ ‘ಕೇಳಕ್ಕೆ ಚೆನ್ನಾಗಿದೆ’ ಅಂದರು.

ಅದೇ ಫಲಕದಲ್ಲಿ ‘ಪೀಪಲ್ಸ್ ವೋಟ್’, ‘ಕನ್ಫರ್ಮೇಟರಿ ವೋಟ್’ ಎಂದೂ ಬರುತ್ತದೆ. ಮೂರಕ್ಕೂ ಒಂದೇ ಪದ ಸಾಕಾ? ಜಾಗ ಕಮ್ಮಿ. ಮೂರು ಪದಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ.

ಸುದ್ದಿಮನೆಯವರು:

ಜನಮತಗಣನೆ. ಪತ್ರಿಕೆಗಳಲ್ಲಿ ಬಳಸಿ ಬಳಸಿ ಸವೆದಿರುವ ಪದ. ಹಿಂದೆ ‘ಮರು’ ಹಾಕಿ, ‘ಎರಡನೇ’ ಹಾಕಿ, ಓದುಗರಿಗೆ ಎರಡೂ ಒಂದೇ. ಅಚ್ಚಿಗೆ ಕಳಿಸಿ.

ಅಚ್ಚಗನ್ನಡದವರು:

ಜನ, ಮತ, ಗಣನೆ. ಮೂರರಲ್ಲಿ ಒಂದಾದರೂ ನಮ್ಮದಾ? ಮಂದಿ ಅನ್ನೋ ಪದ ಇದೆ, ಎಣಿಕೆ ಅನ್ನೋ ಪದ ಇದೆ. ‘ಮಂದಿಯೆಣಿಕೆ’ ಅನ್ನಿ. ಎರಡನೇದು ‘ಮರು ಮಂದಿಯೆಣಿಕೆ’.

ಸುದ್ದಿಮನೆಯವರು:

ಮಂದಿಯನ್ನು ಎಣಿಸಿದರೆ ಅದು ಜನಗಣತಿ. ಬೇಡ.

ಅಚ್ಚಗನ್ನಡದವರು:

ಹಾಗಾದರೆ ‘ನಾಡೊಪ್ಪಿಗೆ’. ನಾಡನ್ನು ಕೇಳಿ ಒಪ್ಪಿಗೆ ಪಡೆಯುವುದು. ಮಕ್ಕಳಿಗೂ ಅರ್ಥವಾಗುತ್ತದೆ.

ಅನುವಾದಕಿ:

ಒಪ್ಪಿಗೆ ಅಂದರೆ ಆಗಲೇ ಹೌದು ಅಂದ ಹಾಗೆ ಅಲ್ವಾ? 2016ರ ಚೀಟಿಯಲ್ಲಿ ಹೌದು, ಅಲ್ಲ ಅಂತ ಇರಲೇ ಇಲ್ಲ. ‘ಉಳಿಯಬೇಕು’, ‘ಬಿಡಬೇಕು’ ಅಂತ ಎರಡು ಸಾಲು ಇದ್ದವು. ಬಿಡಬೇಕು ಅಂದವರು ಶೇ 51.9, ಉಳಿಯಬೇಕು ಅಂದವರು ಶೇ 48.1. ಯಾವುದಕ್ಕೆ ಒಪ್ಪಿಗೆ ಅನ್ನಲಿ?

ಹಳಗನ್ನಡದ ಮೇಷ್ಟರು:

‘ಮರು’ ಬೇಡ ಅನ್ನುವವರಿಗೆ ‘ಮರು’ವಿನ ಅರ್ಥವೇ ಗೊತ್ತಿಲ್ಲ. ಇದು ಹಳಗನ್ನಡದ ‘ಮಱು’. ಶಕಟರೇಫ, ಅಂದರೆ ‘ಱ’ ಅಕ್ಷರ, ಬಿಟ್ಟುಹೋದ ಮೇಲೆ ನಮಗೆ ‘ಮತ್ತೆ’ ಎಂಬ ಒಂದೇ ಅರ್ಥ ನೆನಪಿದೆ. ಮರುದಿನ ಅಂದರೆ ಅದೇ ದಿನ ಮತ್ತೆ ಬಂತು ಅಂತಲ್ಲ, ಮುಂದಿನ ದಿನ. ಮರುಮಾತು ಅಂದರೆ ಆಡಿದ್ದನ್ನೇ ಆಡುವುದಲ್ಲ, ಎದುರಾಗಿ ಆಡುವ ಮಾತು. ತಮಿಳಿನಲ್ಲಿ ಇದೇ ‘ಮಱು’ವಿಗೆ ನಿರಾಕರಿಸು ಎಂಬ ಅರ್ಥವೂ ಉಂಟು. ಆದ್ದರಿಂದ ‘ಮರು ಜನಮತಗಣನೆ’ ಎಂದರೆ ಮುಂದಿನ ಜನಮತಗಣನೆ ಎಂದೂ ಆಗುತ್ತದೆ, ಮೊದಲನೆಯದಕ್ಕೆ ಎದುರಾದದ್ದು ಎಂದೂ ಆಗುತ್ತದೆ. ಇದಕ್ಕಿಂತ ತುಂಬಿದ ಪದ ಬೇಕೆ?

ಇನ್ನೊಂದು. ‘ರೆಫರೆಂಡಂ’ ಲ್ಯಾಟಿನ್ನಿನ ‘ರೆಫರೆ’ ಎಂಬ ಕ್ರಿಯಾಪದದಿಂದ ಬಂದದ್ದು. ಹಿಂದಕ್ಕೆ ಒಯ್ಯುವುದು ಎಂದರ್ಥ. ಹಳೆಯ ಸ್ವಿಸ್ ಒಕ್ಕೂಟದ ಸಭೆಗೆ ಬಂದ ಕ್ಯಾಂಟನ್ನುಗಳ (ಅಲ್ಲಿನ ರಾಜ್ಯಗಳ) ಪ್ರತಿನಿಧಿಗಳು ದೊಡ್ಡ ವಿಷಯಗಳನ್ನು ತಾವೇ ತೀರ್ಮಾನಿಸುತ್ತಿರಲಿಲ್ಲ. ‘ಆಡ್ ರೆಫರೆಂಡಂ’ ಎಂದು ಹೇಳಿ ತಮ್ಮ ಕ್ಯಾಂಟನ್ನಿಗೆ ಹೊತ್ತೊಯ್ದು ಕೇಳಿಕೊಂಡು ಬರುತ್ತಿದ್ದರು. ಅಂದರೆ ಮೂಲ ಪದದಲ್ಲೇ ‘ಮರಳಿ’ ಎಂಬುದು ಕೂತಿದೆ. ನನ್ನ ಸಲಹೆ ‘ಮರುಕೇಳಿಕೆ’. ಮೊದಲನೆಯದಕ್ಕೂ ಅದೇ, ಎರಡನೆಯದಕ್ಕೂ ಅದೇ.

ಸುದ್ದಿಮನೆಯವರು:

ಮರುಕೇಳಿಕೆ ಅಂದರೆ ಕೇಳಿಸಲಿಲ್ಲ, ಮತ್ತೆ ಕೇಳಿದರು ಅಂತ. ಫಲಕ ನೋಡುವವರು ಲ್ಯಾಟಿನ್ ಓದಿಕೊಂಡು ಬರುವುದಿಲ್ಲ.

ರಾಜ್ಯಶಾಸ್ತ್ರದವರು:

ತಡವಾಗಿ ನೋಡಿದೆ. ಈ ಪ್ರಶ್ನೆಯನ್ನು ‘ಎರಡೂ ಒಂದೇ’ ಅಂತ ತಳ್ಳಿಹಾಕಬೇಡಿ. ಆ ಮೂರೂವರೆ ವರ್ಷ ಬ್ರಿಟನ್ ಜಗಳವಾಡಿದ್ದು ಇದೇ ವಿಷಯಕ್ಕೆ. ಇನ್ನೊಮ್ಮೆ ಕೇಳುವುದು ಅಂದರೆ ಮೊದಲು ಕೇಳಿದ್ದನ್ನು ಅಳಿಸುವುದಾ, ಅಥವಾ ಅದರ ಮುಂದಿನ ಹೆಜ್ಜೆಯಾ? ನಾವು ಕನ್ನಡದಲ್ಲಿ ಒಂದು ಪದ ಹಾಕಿದ ಕೂಡಲೇ ಒಂದು ಪಕ್ಷಕ್ಕೆ ಸೇರಿಬಿಡುತ್ತೇವೆ.

ಮೇಷ್ಟರು ಹೇಳಿದ ಮರುದಿನ, ಮರುಮಾತು ಎರಡೂ ನಿಜ. ಆದರೆ ‘ಮರು’ವಿನ ಅರ್ಥ ಅದರ ಮುಂದೆ ಬರುವ ಪದ ನೋಡಿ ಬದಲಾಗುತ್ತದೆ. ಕಾಲ ಹೇಳುವ ಪದ ಬಂದರೆ ‘ಮುಂದಿನ’: ಮರುದಿನ, ಮರುವರ್ಷ, ಮರುಗಳಿಗೆ. ನಡೆದುಹೋದ ಕೆಲಸದ ಪದ ಬಂದರೆ ಕಥೆ ಬೇರೆ. ಮರುಎಣಿಕೆ ಆದರೆ ಮೊದಲ ಎಣಿಕೆಗೆ ಬೆಲೆ ಇಲ್ಲ. ಮರುವಿಚಾರಣೆಗೆ ಆದೇಶವಾದರೆ ಮೊದಲ ವಿಚಾರಣೆ ನಿಲ್ಲಲಿಲ್ಲ ಅಂತ. ಮರುಮತದಾನ ಅಂದರಂತೂ ಕೇಳುವುದೇ ಬೇಡ. ಮತಗಟ್ಟೆಯಲ್ಲಿ ಗಲಾಟೆಯಾಗಿ, ಯಂತ್ರ ಕೆಟ್ಟು, ಆಯೋಗ ಹಿಂದಿನ ಮತದಾನ ರದ್ದು ಮಾಡಿದಾಗ ನಡೆಯುವುದು ಅದು. ಕನ್ನಡ ಓದುಗರ ಕಿವಿಯಲ್ಲಿ ‘ಮರು ಜನಮತಗಣನೆ’ ಇದೇ ಸಾಲಿಗೆ ಸೇರುತ್ತದೆ. ಮೊದಲನೆಯದರಲ್ಲಿ ಏನೋ ಅಕ್ರಮ ಇತ್ತು, ರದ್ದಾಯಿತು, ಮತ್ತೆ ನಡೆಸಿದರು ಅಂತ ಅರ್ಥ ಮಾಡಿಕೊಳ್ಳುತ್ತಾರೆ.

2016ರ ಫಲಿತಾಂಶವನ್ನು ಯಾವ ಕೋರ್ಟೂ ರದ್ದು ಮಾಡಲಿಲ್ಲ. 1,74,10,742 ಜನ ಬಿಡಬೇಕು ಅಂದರು. ಅಂತರ 12 ಲಕ್ಷಕ್ಕೂ ಜಾಸ್ತಿ. ಓಟು ಹಾಕಿದವರು ಶೇ 72.2. ಅವರ ಮತ ಅಲ್ಲೇ ಇತ್ತು, ಇವತ್ತೂ ಇದೆ.

ನಿಜವಾದ ‘ಮರು’ ಹೇಗಿರುತ್ತದೆ ಅಂತ ನೋಡಬೇಕಾದರೆ ಅದೇ ವರ್ಷದ ಆಸ್ಟ್ರಿಯಾ ನೋಡಿ. ಅಲ್ಲಿ ಅಧ್ಯಕ್ಷರ ಚುನಾವಣೆಯ ಎರಡನೇ ಸುತ್ತು 2016ರ ಮೇ 22ರಂದು ನಡೆಯಿತು. ಅಂಚೆ ಮತ ಎಣಿಸುವಾಗ ನಿಯಮ ಪಾಲಿಸಿಲ್ಲ ಎಂದು ಸಾಂವಿಧಾನಿಕ ನ್ಯಾಯಾಲಯ ಅದನ್ನು ರದ್ದು ಮಾಡಿತು. ಡಿಸೆಂಬರ್ 4ರಂದು ಮತ್ತೆ ಮತದಾನ ಆಯಿತು. ಅದು ಮರುಮತದಾನ. ಸ್ವಿಟ್ಜರ್ಲೆಂಡಿನಲ್ಲಿ 2016ರ ಫೆಬ್ರುವರಿ 28ರಂದು ಮದುವೆಯಾದವರ ತೆರಿಗೆಯ ಬಗ್ಗೆ ಜನಮತಗಣನೆ ನಡೆದಿತ್ತು. ಎಷ್ಟು ದಂಪತಿಗಳಿಗೆ ತೊಂದರೆಯಾಗುತ್ತಿದೆ ಎಂದು ಸರ್ಕಾರ ಕೊಟ್ಟ ಅಂಕಿ ತಪ್ಪು ಎಂದು ಆಮೇಲೆ ಗೊತ್ತಾಯಿತು. 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಫಲಿತಾಂಶವನ್ನೇ ರದ್ದು ಮಾಡಿತು. ಮತ್ತೆ ಓಟು ಹಾಕಿಸಿದ್ದರೆ ಅದಕ್ಕೂ ‘ಮರು’ ಒಪ್ಪುತ್ತಿತ್ತು. ಪ್ರಸ್ತಾಪ ಮಾಡಿದವರೇ ಅದನ್ನು ವಾಪಸ್ ತೆಗೆದುಕೊಂಡರು.

ಈಗ ನಿಮ್ಮ ಮೂರು ಪದಕ್ಕೆ ಬರುತ್ತೇನೆ. ಮೂರೂ ಒಂದೇ ಅಲ್ಲ. ಮೂರರ ಹಿಂದೆ ಮೂರು ವಾದ ಇವೆ.

‘ಪೀಪಲ್ಸ್ ವೋಟ್’ ಎಂಬುದು ಚಳವಳಿಯ ಹೆಸರು. 2018ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಶುರುವಾಯಿತು. ಆ ಅಕ್ಟೋಬರ್ 20ರ ಮೆರವಣಿಗೆಗೆ ಸುಮಾರು ಏಳು ಲಕ್ಷ ಜನ ಬಂದಿದ್ದರು ಎಂದು ನಡೆಸಿದವರು ಹೇಳಿದರು. ‘ಎರಡನೇದು’ ಅಂದರೆ ಮೊದಲನೇದನ್ನು ಒಪ್ಪದವರ ಹಠ ಎಂದು ಕೇಳಿಸುತ್ತದೆ. ಅದಕ್ಕೇ ಅವರು ಎಣಿಕೆಯನ್ನೇ ಬಿಟ್ಟು ಈ ಹೆಸರು ಇಟ್ಟುಕೊಂಡರು. ಇದನ್ನು ‘ಜನರ ಓಟು’ ಎಂದೇ ಅನುವಾದಿಸಿ, ಉದ್ಧರಣ ಚಿಹ್ನೆಯೊಳಗೆ ಇಡಿ. ಅದು ಅವರ ಮಾತು, ಫಲಕದ ಮಾತಲ್ಲ.

‘ಕನ್ಫರ್ಮೇಟರಿ ವೋಟ್’ ಸಂಸತ್ತಿನ ಮಾತು. ಆಗಿನ ಪ್ರಧಾನಿ ತೆರೇಸಾ ಮೇ ಒಕ್ಕೂಟ ಬಿಡಲು ಮಾಡಿಕೊಂಡ ಒಪ್ಪಂದ 2019ರ ಜನವರಿ 15ರಂದು 202ಕ್ಕೆ 432 ಮತಗಳಿಂದ ಬಿತ್ತು. ಆಮೇಲೆ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯೇ ಒಂದೊಂದು ದಾರಿಯನ್ನೂ ಓಟಿಗೆ ಹಾಕಿ ನೋಡಿತು. ಯಾವುದೇ ಒಪ್ಪಂದ ಆದರೂ ಜನರ ಮುಂದೆ ಇಟ್ಟು ಒಪ್ಪಿಗೆ ಪಡೆಯಬೇಕು ಎಂಬುದು ಅದರಲ್ಲಿ ಒಂದು. ಮಾರ್ಚ್ 27ರಂದು ಪರ 268, ವಿರೋಧ 295; ಏಪ್ರಿಲ್ 1ರಂದು ಪರ 280, ವಿರೋಧ 292. ಎರಡನೇ ಸಲ ಹನ್ನೆರಡೇ ಮತದ ಅಂತರದಲ್ಲಿ ಸೋತಿತು. ಅಚ್ಚಗನ್ನಡದವರ ‘ಒಪ್ಪಿಗೆ’ ಇಲ್ಲಿ ಸರಿಯಾಗಿ ಕೂರುತ್ತದೆ. ಮುಂದೆ ಒಂದು ಒಪ್ಪಂದ ಇದೆ, ಒಪ್ಪುತ್ತೀರಾ ಅಂತ ಕೇಳುತ್ತಿದ್ದಾರೆ. ‘ಒಪ್ಪಿಗೆ ಮತದಾನ’ ಹಾಕಿ. ‘ದೃಢೀಕರಣ ಮತದಾನ’ ಅಂತ ಹಾಕಿದರೆ ಯಾರೂ ಓದುವುದಿಲ್ಲ.

ಗಮನಿಸಿ, ಇಲ್ಲಿ ಕೇಳುವ ಪ್ರಶ್ನೆಯೇ 2016ರದ್ದಲ್ಲ. ಆಗ ಕೇಳಿದ್ದು ಇರೋಣವೋ ಬಿಡೋಣವೋ ಅಂತ. ಬಿಡುವುದು ಹೇಗೆ ಅಂತ ಚೀಟಿಯಲ್ಲಿ ಒಂದಕ್ಷರ ಇರಲಿಲ್ಲ. ಎರಡನೇ ಸಲ ಕೇಳಿದ ದೇಶಗಳನ್ನು ನೋಡಿದರೂ ಹೀಗೇ. ಡೆನ್ಮಾರ್ಕ್ 1992ರ ಜೂನ್‌ನಲ್ಲಿ ಯುರೋಪಿಯನ್ ಒಕ್ಕೂಟ ಕಟ್ಟುವ ಮಾಸ್ಟ್ರಿಕ್ಟ್ ಒಪ್ಪಂದ ಬೇಡ ಅಂದಿತು, ಶೇ 50.7 ಮತದಿಂದ. ಆಮೇಲೆ ನಾಣ್ಯ, ರಕ್ಷಣೆ, ನ್ಯಾಯ, ಪೌರತ್ವ ಈ ನಾಲ್ಕರಿಂದ ಹೊರಗುಳಿಯುವ ಅವಕಾಶ ಕೊಟ್ಟರು. 1993ರ ಮೇ 18ರಂದು ಶೇ 56.7 ಜನ ಒಪ್ಪಿದರು. ಐರ್ಲೆಂಡ್ ಎರಡು ಸಲ ಇದನ್ನು ಮಾಡಿದೆ. ಒಕ್ಕೂಟದ್ದೇ ಆದ ನೀಸ್ ಒಪ್ಪಂದಕ್ಕೆ 2001 ಮತ್ತು 2002, ಲಿಸ್ಬನ್ ಒಪ್ಪಂದಕ್ಕೆ 2008 ಮತ್ತು 2009. ಎರಡೂ ಸಲ ನಡುವೆ ಭರವಸೆಗಳನ್ನು ಬರೆದುಕೊಟ್ಟ ಮೇಲೆ ಮತ್ತೆ ಕೇಳಿದರು. ಅದಕ್ಕೆ ‘ಮರು’ ಅಂದರೆ ನಡುವೆ ನಡೆದದ್ದೆಲ್ಲ ಮುಚ್ಚಿಹೋಗುತ್ತದೆ.

ಇನ್ನೊಮ್ಮೆ ಕೇಳುವುದು ಬೇಡ ಅಂದವರ ವಾದವನ್ನೂ ಸಣ್ಣದು ಮಾಡಬಾರದು. ಜನರನ್ನು ಕೇಳುವ ಮುಂಚೆ ಸರ್ಕಾರ ಮನೆಮನೆಗೆ ಕರಪತ್ರ ಕಳಿಸಿತ್ತು. ನೀವು ಏನು ತೀರ್ಮಾನ ಮಾಡುತ್ತೀರೋ ಅದನ್ನೇ ಜಾರಿ ಮಾಡುತ್ತೇವೆ ಎಂದು ಅದರಲ್ಲಿ ಬರೆದಿತ್ತು. ಆ ಮಾತು ನಂಬಿ ಬಂದವರಿಗೆ, ಒಮ್ಮೆ ಜಾರಿ ಮಾಡದೆ ಇನ್ನೊಮ್ಮೆ ಕೇಳಿದರೆ ಹೇಗನಿಸಬೇಕು? ಅವರ ಬಾಯಲ್ಲಿ ಬರುವ ಮಾತಿಗೆ ‘ಮರುಮತದಾನ’ ಹಾಕಿ. ಅಲ್ಲಿ ಅದು ನ್ಯಾಯವಾದ ಪದ, ಏಕೆಂದರೆ ಅವರು ಹೇಳುತ್ತಿದ್ದದ್ದೇ ಅದು: ನಮ್ಮ ಮತವನ್ನು ರದ್ದು ಮಾಡುತ್ತಿದ್ದೀರಿ ಅಂತ.

ತಲೆಬರಹಕ್ಕೆ ಮಾತ್ರ ಯಾವ ಪಕ್ಷದ ಪದವೂ ಬೇಡ. ‘ಎರಡನೇ ಜನಮತಗಣನೆ’ ಸಾಕು.

ಒಬ್ಬ ಓದುಗ:

1975 ಮರೆತಿರಾ? ಆ ವರ್ಷ ಜೂನ್ 5ರಂದು ಇದೇ ಪ್ರಶ್ನೆ ಕೇಳಿದ್ದರು. ಶೇ 67.2 ಜನ ಉಳಿಯೋಣ ಅಂದಿದ್ದರು. 2016ರದ್ದೇ ಎರಡನೇದು. ನೀವು ಹೇಳುತ್ತಿರುವುದು ಮೂರನೇದು.

ಸುದ್ದಿಮನೆಯವರು:

1975ರಲ್ಲಿ ಅದು ಯುರೋಪಿಯನ್ ಸಮುದಾಯ. ಒಕ್ಕೂಟ ಹುಟ್ಟಿದ್ದು 1993ರಲ್ಲಿ. ಪ್ರಶ್ನೆ ಬೇರೆ. ಜಗ್ಗಬೇಡಿ.

ರಾಜ್ಯಶಾಸ್ತ್ರದವರು:

ಜಗ್ಗುವುದಲ್ಲ, ಒಳ್ಳೆಯ ಆಕ್ಷೇಪಣೆ. ಆಗಲೂ ಕೇಳಿದ್ದು ಉಳಿಯೋಣವೋ ಬೇಡವೋ ಅಂತಲೇ. ಬ್ರಿಟನ್‌ನಲ್ಲಿ ದೇಶಪೂರ್ತಿ ಜನಮತಗಣನೆ ನಡೆದಿರುವುದೇ ಮೂರು ಸಲ: 1975, 2011, 2016. 2011ರದ್ದು ಓಟು ಎಣಿಸುವ ಪದ್ಧತಿ ಬದಲಿಸುವ ಬಗ್ಗೆ. ಹಾಗಾಗಿ ಎಣಿಕೆ ಹಿಡಿದು ಹೋದರೆ ‘ಎರಡನೇ’ ಎಂಬುದೂ ಗಟ್ಟಿಯಾಗಿ ನಿಲ್ಲುವುದಿಲ್ಲ. ‘ಇನ್ನೊಂದು ಜನಮತಗಣನೆ’ ಅಂದರೆ ಎಲ್ಲರಿಗೂ ನಿಲ್ಲುತ್ತದೆ. ರದ್ದೂ ಇಲ್ಲ, ಲೆಕ್ಕವೂ ಇಲ್ಲ.

ಹಳಗನ್ನಡದ ಮೇಷ್ಟರು:

‘ಇನ್ನೊಂದು’ ಎಂಬುದರಲ್ಲಿ ಏನು ಸತ್ವವಿದೆ? ಸಾವಿರ ವರ್ಷದ ಪದವನ್ನು ಮತಗಟ್ಟೆಯ ಗಲಾಟೆಗೆ ಕಟ್ಟಿಹಾಕಿ ಬಿಸಾಡುವುದು ಸರಿಯಲ್ಲ. ಪತ್ರಿಕೆಗಳು ‘ಮರು’ವನ್ನು ಕೆಡಿಸಿದರೆ ಸರಿಪಡಿಸಬೇಕಾದವರು ನಾವು.

ಕರಡು ತಿದ್ದುವವರು (ಅನುವಾದಕಿ ಹೇಳಿದವರೇ):

ನನ್ನ ‘ಸಂಗ್ರಹ’ವನ್ನು ಯಾರೂ ಮಾತಾಡಿಸಲೇ ಇಲ್ಲ. ‘ಗಣನೆ’ ಅಂದರೆ ಎಣಿಸಿ ತೀರ್ಪು ಕೊಡುವುದು. 2016ರದ್ದು ಕಾನೂನಿನಲ್ಲಿ ಬರೀ ಸಲಹೆ. ಅದನ್ನು ನಡೆಸಲು ಮಾಡಿದ 2015ರ ಕಾಯ್ದೆಯಲ್ಲಿ ಫಲಿತಾಂಶ ಜಾರಿ ಮಾಡಲೇಬೇಕು ಎಂಬ ಮಾತಿಲ್ಲ. ಅದಕ್ಕೇ 2017ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಸಂಸತ್ತು ಕಾಯ್ದೆ ಮಾಡದೆ ಸರ್ಕಾರ ಒಕ್ಕೂಟಕ್ಕೆ ‘ಬಿಡುತ್ತೇವೆ’ ಎಂಬ ನೋಟಿಸು ಕೊಡುವಂತಿಲ್ಲ ಅಂದಿತು. 2011ರದ್ದು ಹಾಗಲ್ಲ, ಜನ ಹೂಂ ಅಂದಿದ್ದರೆ ಜಾರಿ ಮಾಡಲೇಬೇಕಿತ್ತು. ಸಲಹೆಗೆ ‘ಸಂಗ್ರಹ’, ಕಟ್ಟುಪಾಡಿಗೆ ‘ಗಣನೆ’. ಈ ಗೆರೆ ಇಟ್ಟುಕೊಳ್ಳೋಣ.

ರಾಜ್ಯಶಾಸ್ತ್ರದವರು:

ಗೆರೆ ಚೆನ್ನಾಗಿದೆ, ಆದರೆ ಓದುಗರ ಕಿವಿಯಲ್ಲಿ ಅದಿಲ್ಲ. ‘ಅಭಿಪ್ರಾಯ ಸಂಗ್ರಹ’ ಅಂದರೆ ಸಮೀಕ್ಷೆ ನೆನಪಾಗುತ್ತದೆ, ಫೋನು ಮಾಡಿ ಸಾವಿರ ಜನರನ್ನು ಕೇಳುವಂಥದ್ದು. ಕಾನೂನು ಸಲಹೆ ಅಂದರೂ ಕರಪತ್ರ ಆಣೆ ಮಾಡಿತ್ತು. ಓಟು ಹಾಕಿದವರು ತೀರ್ಪು ಕೊಡುತ್ತಿದ್ದೇವೆ ಎಂದೇ ಹಾಕಿದರು. ಅವರ ಓಟನ್ನು ಸಮೀಕ್ಷೆಯ ಮಟ್ಟಕ್ಕೆ ಇಳಿಸುವ ಪದ ಬೇಡ.

ಪದಗಳ ಬಗ್ಗೆ ಇಷ್ಟು ಹಠ ಯಾಕೆ ಅಂತ ಸುದ್ದಿಮನೆಯವರು ಕೇಳಬಹುದು. ಆ ಚೀಟಿಯ ಪ್ರಶ್ನೆಯನ್ನೇ ನೋಡಿ. ಸರ್ಕಾರ ಮೊದಲು ಬರೆದದ್ದು ಒಕ್ಕೂಟದ ಸದಸ್ಯನಾಗಿ ಉಳಿಯಬೇಕೇ ಎಂಬ ಒಂದೇ ತುಂಡು, ಉತ್ತರ ಹೌದು ಅಥವಾ ಅಲ್ಲ. ‘ಉಳಿಯಬೇಕು’ ಮಾತ್ರ ಹೇಳಿ ‘ಬಿಡಬೇಕು’ ಹೇಳದಿದ್ದರೆ ಒಂದು ಕಡೆಗೆ ವಾಲುತ್ತದೆ ಎಂದು 2015ರಲ್ಲಿ ಚುನಾವಣಾ ಆಯೋಗ ತಿದ್ದಿಸಿತು. ಎರಡೂ ಮಾತು ಪ್ರಶ್ನೆಯೊಳಗೆ ಬಂದವು, ಹೌದು–ಅಲ್ಲ ಹೋಯಿತು. ಅವರು ಅಷ್ಟು ತೂಗಿ ಬರೆದದ್ದನ್ನು ನಾವು ಕನ್ನಡಕ್ಕೆ ತರುವಾಗ ಸುಮ್ನೆ ಕೈಗೆ ಸಿಕ್ಕ ಪದ ಹಾಕುವುದಾ?

ಅಚ್ಚಗನ್ನಡದವರು:

ಇಷ್ಟೆಲ್ಲ ತೂಗಿ ಕೊನೆಗೆ ಮತ್ತೆ ‘ಜನಮತಗಣನೆ’ಗೇ ಬಂದಿರಿ. ಐಸ್‌ಲ್ಯಾಂಡಿನವರನ್ನು ನೋಡಿ. ಸುಮಾರು ನಾಲ್ಕು ಲಕ್ಷ ಜನ. ಲ್ಯಾಟಿನ್ ಪದವನ್ನು ಒಳಗೆ ಬಿಟ್ಟುಕೊಂಡಿಲ್ಲ. ‘ನಾಡಿನ ಓಟು’ ಎಂಬ ಅರ್ಥದ ತಮ್ಮದೇ ಪದ ಕಟ್ಟಿಕೊಂಡಿದ್ದಾರೆ. ಕೋಟಿಗಟ್ಟಲೆ ಜನ ಆಡುವ ನುಡಿಗೆ ಇದು ಆಗುವುದಿಲ್ಲವಾ? ಸಂಸ್ಕೃತದಿಂದ ತಂದರೆ ಎರವಲು ಅಲ್ಲ, ಇಂಗ್ಲಿಷಿನಿಂದ ತಂದರೆ ಎರವಲು, ಈ ಲೆಕ್ಕ ನನಗೆ ಯಾವತ್ತೂ ಒಪ್ಪಿಗೆಯಿಲ್ಲ.

ಸುದ್ದಿಮನೆಯವರು:

ಐರ್ಲೆಂಡಿನವರು ‘ರೆಫ್ರನ್’ ಅಂತಾರೆ, ವೇಲ್ಸಿನವರು ‘ರೆಫೆರೆಂಡುಮ್’ ಅಂತಾರೆ. ಅವರ ನುಡಿ ಸತ್ತು ಹೋಯಿತಾ? ಜರ್ಮನರು ತಮ್ಮದೇ ಪದದ ಪಕ್ಕದಲ್ಲೇ ರೆಫರೆಂಡಂ ಅನ್ನೂ ಬಳಸುತ್ತಾರೆ. ‘ರೆಫರೆಂಡಂ’ ಅಂತಲೇ ಕನ್ನಡದಲ್ಲಿ ಬರೆದರೆ ಆಕಾಶ ಬೀಳುವುದಿಲ್ಲ.

ಹಳಗನ್ನಡದ ಮೇಷ್ಟರು:

ಆಕಾಶ ಬೀಳುವುದಿಲ್ಲ, ಆದರೆ ಆಮೇಲೆ ಅದರಿಂದ ಕ್ರಿಯಾಪದ ಹೇಗೆ ಮಾಡುತ್ತೀರಿ? ರೆಫರೆಂಡಿಸುವುದಾ?

ಅಚ್ಚಗನ್ನಡದವರು:

ಇದೇ ನಾನೂ ಹೇಳುತ್ತಿರುವುದು. ನಮ್ಮ ಬೇರಿನಿಂದ ಬಂದ ಪದವಾದರೆ ಅದರಿಂದ ನಾಲ್ಕು ಪದ ಚಿಗುರುತ್ತವೆ. ಒಪ್ಪು, ಒಪ್ಪಿಗೆ, ಒಪ್ಪಿಸು, ಒಪ್ಪಂದ. ಬ್ರೆಕ್ಸಿಟ್ ಕಥೆ ಪೂರ್ತಿ ಈ ಒಂದು ಬೇರಿನಿಂದಲೇ ಹೇಳಬಹುದು. ಮೇ ಅವರ ಒಪ್ಪಂದ, ಸಂಸತ್ತು ಒಪ್ಪಲಿಲ್ಲ, ಜನರ ಒಪ್ಪಿಗೆ ಕೇಳಲಿಲ್ಲ.

ರಾಜ್ಯಶಾಸ್ತ್ರದವರು:

ಐಸ್‌ಲ್ಯಾಂಡ್ ಹೆಸರು ಬಂದದ್ದು ಒಳ್ಳೆಯದಾಯಿತು. ಅವರೂ ಎರಡು ಸಲ ಕೇಳಿದವರೇ. ಐಸ್‌ಸೇವ್ ಎಂಬ ಬ್ಯಾಂಕ್ ಖಾತೆಗಳು ಮುಳುಗಿದ ಮೇಲೆ ಬ್ರಿಟನ್, ನೆದರ್ಲೆಂಡ್ಸ್‌ಗೆ ಹಣ ಕಟ್ಟಿಕೊಡುವ ಬಗ್ಗೆ 2010ರ ಮಾರ್ಚ್‌ನಲ್ಲಿ ಕೇಳಿದರು, ಜನ ಬೇಡ ಅಂದರು. ಹೊಸ ಷರತ್ತು ತಂದು 2011ರ ಏಪ್ರಿಲ್‌ನಲ್ಲಿ ಕೇಳಿದರು, ಆಗಲೂ ಬೇಡ ಅಂದರು. ಬೇಕಾದ ಉತ್ತರ ಬರುವವರೆಗೆ ಕೇಳುತ್ತಾರೆ ಎಂಬ ದೂರು ಎಲ್ಲ ಕಡೆ ನಿಜವಾಗುವುದಿಲ್ಲ ಅಂತ ಇದರಿಂದ ಗೊತ್ತಾಗುತ್ತದೆ. ಫಲಕದಲ್ಲಿ ಬೇರೆ ದೇಶಗಳ ಪಟ್ಟಿ ಇದ್ದರೆ ಇದನ್ನು ಬಿಡಬೇಡಿ. ಡೆನ್ಮಾರ್ಕ್, ಐರ್ಲೆಂಡ್ ಮಾತ್ರ ಹಾಕಿದರೆ ಎರಡನೇ ಸಲ ಕೇಳಿದಾಗ ಜನ ಯಾವಾಗಲೂ ಒಪ್ಪುತ್ತಾರೆ ಅನಿಸಿಬಿಡುತ್ತದೆ.

ಎರವಲಿನ ಜಗಳ ಇವತ್ತು ಮುಗಿಯುವುದಿಲ್ಲ. ಅವರಿಗೆ ರಾತ್ರಿಯೊಳಗೆ ಪದ ಬೇಕು.

ಅನುವಾದಕಿ:

ಎಲ್ಲರಿಗೂ ಧನ್ಯವಾದ. ಹೀಗೆ ಹಾಕುತ್ತಿದ್ದೇನೆ. ತಲೆಬರಹ: ‘ಇನ್ನೊಂದು ಜನಮತಗಣನೆ ಬೇಕೆ?’ ಮೂರೇ ಪದ, ಸರಿಯಾಗಿ ಹಿಡಿಯಿತು. ಚಳವಳಿಯ ಹೆಸರು ಉದ್ಧರಣದಲ್ಲಿ ‘ಜನರ ಓಟು’. ಸಂಸತ್ತಿನ ಎರಡು ಠರಾವುಗಳಿಗೆ ‘ಒಪ್ಪಿಗೆ ಮತದಾನ’. ವಿರೋಧಿಸಿದವರ ಮಾತಿನಲ್ಲಿ ಮಾತ್ರ ‘ಮರುಮತದಾನ’. 1975ರ ಬಗ್ಗೆ ಕೆಳಗೆ ಒಂದು ಸಾಲು ಸೇರಿಸಿದ್ದೇನೆ. ಐಸ್‌ಲ್ಯಾಂಡ್ ಕೂಡ ಪಟ್ಟಿಗೆ ಬಂತು.

2019ರ ಡಿಸೆಂಬರ್ 12ರ ಚುನಾವಣೆಯ ಫಲಕ ಇನ್ನೂ ಬಾಕಿ ಇದೆ. ಲೇಬರ್ ಪಕ್ಷ ಹೊಸ ಒಪ್ಪಂದ ಮಾಡಿ ಜನರ ಮುಂದೆ ಇಡುತ್ತೇವೆ ಅಂದಿತ್ತು, ಕನ್ಸರ್ವೇಟಿವ್ ಪಕ್ಷ 365 ಸ್ಥಾನ ಗೆದ್ದು ಆ ಮಾತನ್ನು ಮುಗಿಸಿತು. ಆ ಫಲಕದಲ್ಲಿ ಲಿಬರಲ್ ಡೆಮಾಕ್ರಾಟ್ ಪಕ್ಷದವರ ‘ರಿವೋಕ್’ ಅಂತ ಒಂದಿದೆ. ಜನರನ್ನು ಕೇಳದೆಯೇ ಒಕ್ಕೂಟಕ್ಕೆ ಕೊಟ್ಟ ನೋಟಿಸನ್ನು ವಾಪಸ್ ತೆಗೆದುಕೊಳ್ಳುವುದು. ‘ರದ್ದು’ ಹಾಕಲಾ, ‘ಹಿಂಪಡೆ’ ಹಾಕಲಾ?

ರಾಜ್ಯಶಾಸ್ತ್ರದವರು:

ಹಿಂಪಡೆ. ನೋಟಿಸು ಕೊಟ್ಟವರೇ ವಾಪಸ್ ತೆಗೆದುಕೊಳ್ಳುವುದು. ರದ್ದು ಮಾಡುವವರು ಬೇರೆಯವರು.